ಕೊನೆಯ ಸಾಲಿನ ಚಕ್ರ

ವೇಬ್ರಿಡ್ಜ್ ಅಕ್ಕ ಅಂದರೆ ಲಾರಿಯವರಿಗೆಲ್ಲ ಸಿಂಹಸ್ವಪ್ನ. ಇಳಿಜಾರು ಶುರುವಾಗುವಲ್ಲೇ ಲಾರಿ ತೂಗುವ ಕಟ್ಟೆ, ಪಕ್ಕದಲ್ಲೇ ಅವಳ ಕಿಟಕಿ. ತೂಕ ಮೂವತ್ತೈದು ಟನ್ ದಾಟಿತೋ, ಯಾರಪ್ಪ ಬಂದರೂ ಗೇಟು ಏಳುವುದಿಲ್ಲ. ಅವತ್ತು ಸಿಕ್ಕಿಬಿದ್ದದ್ದು, ಮೊದಲ ಸಲ ಈ ದಾರಿಗೆ ಬಂದ ಅವಳ ಸ್ವಂತ ತಮ್ಮ. ಜಲ್ಲಿ ತುಂಬಿದ ಉದ್ದನೆಯ ಹೊಸ ಲಾರಿ, ನಲವತ್ತೊಂದು ಟನ್!

"ಅಕ್ಕಾ, ನಮ್ಮ ಯಾರ್ಡಿನ ಚೀಟೀಲಿ ಮೂವತ್ನಾಲ್ಕೇ ಇದೆ ನೋಡು."

"ಚೀಟಿ ಜೇಬಲ್ಲೇ ಇಟ್ಕೋ. ಕೆಳಗಿನ ತಿರುವಲ್ಲಿ ಬ್ರೇಕು ಚೀಟಿ ಓದಲ್ಲ."

ಯಾರ್ಡಿಗೂ ಲಾರಿಗೂ ಒಡೆಯನಾದ ಜಲ್ಲಿಯ ಮಾಲೀಕ ಧೂಳೆಬ್ಬಿಸಿಕೊಂಡು ಬಂದ, ಜೊತೆಗೆ ಅಕ್ಕನ ಮೇಲಧಿಕಾರಿಯನ್ನೂ ಕರೆತಂದ. ಮನುಷ್ಯ ಕಳ್ಳನಲ್ಲ, ಮುಂಗೋಪಿ ಅಷ್ಟೆ. "ನನ್ನ ಯಾರ್ಡಿನ ತೂಕದ ಯಂತ್ರ ಸರಿಯಾಗೇ ಇದೆ ಸಾರ್, ಇವಳದ್ದೇ ಕೆಟ್ಟಿರೋದು! ಇವನೋ, ಈ ಲಾರಿ ಹತ್ತಿದಾಗಿಂದ ತಿಂಗಳಿಗೊಂದ್ಸಲ ಬ್ರೇಕ್ ಸುಡ್ತಾನೆ. ಅಕ್ಕ ತಮ್ಮ ಇಬ್ಬರೂ ದಂಡ!"

ಅಧಿಕಾರಿ ಅಕ್ಕನತ್ತ ತಿರುಗಿದ. "ನಿಮ್ಮ ಲೆಕ್ಕ ತಪ್ಪಿದ್ರೆ ನಾಳೆಯಿಂದ ಈ ಕುರ್ಚಿ ನಿಮಗಿಲ್ಲಮ್ಮ."

ಹನ್ನೊಂದು ವರ್ಷ ಕೂತ ಕುರ್ಚಿ! ಆದರೂ ಅಕ್ಕನ ಕಿವಿಯಲ್ಲಿ ಉಳಿದದ್ದು ಬ್ರೇಕಿನ ಮಾತು. ಹಳೆ ಲಾರಿಯಲ್ಲಿ ತಮ್ಮ ಒಂದು ದಿನವೂ ಬ್ರೇಕ್ ಸುಟ್ಟವನಲ್ಲ.

"ನಿಮ್ಮ ಯಾರ್ಡಿನ ವೇಬ್ರಿಡ್ಜ್ ಹಾಕ್ಸಿದ್ದು ಯಾವಾಗ?"

"ಹದಿನೈದು ವರ್ಷ ಆಯ್ತು. ಇನ್ನೂ ಕಲ್ಲುಗುಂಡಿನ ಹಾಗಿದೆ!"

"ಹಾಗಾದ್ರೆ ಅಲ್ಲಿಗೇ ನಡೀರಿ."

ಯಾರ್ಡಿನಲ್ಲಿ ತಮ್ಮ ದಿನದಂತೆ ಮುಂದಿನ ಚಕ್ರವನ್ನು ಪ್ಲಾಟ್‌ಫಾರಂ ಆ ಕೊನೆಯ ಅಂಚಿಗೆ ತಂದು ನಿಲ್ಲಿಸಿದ. ಮೂವತ್ನಾಲ್ಕು! ಮಾಲೀಕ ಮೀಸೆ ತಿರುವಿದ. ಅಕ್ಕ ಲಾರಿಯ ಹಿಂದಕ್ಕೆ ಹೋದಳು.

"ಸಾರ್, ಸ್ವಲ್ಪ ಇಲ್ಲಿ ಬನ್ನಿ."

ಕೊನೆಯ ಸಾಲಿನ ಚಕ್ರಗಳು ಪ್ಲಾಟ್‌ಫಾರಂ ಆಚೆ, ನೆಲದ ಮೇಲೆ ಆರಾಮಾಗಿ ನಿಂತಿದ್ದವು. ಹಳೆ ಲಾರಿಯ ಅಳತೆಗೆ ಕಟ್ಟಿಸಿದ ಆ ಪ್ಲಾಟ್‌ಫಾರಂ ಹೊಸ ಲಾರಿಗೆ ಸಾಲುತ್ತಿರಲಿಲ್ಲ. ದಿನಾ ಏಳು ಟನ್ ಭಾರ ಭೂಮಿತಾಯಿ ಹೊತ್ತಿದ್ದಳು, ಮಾಲೀಕ ಉಳಿದದ್ದನ್ನಷ್ಟೇ ಬರೆದುಕೊಂಡಿದ್ದ! ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಮಾಲೀಕನ ಮುಖ ಇಂಗು ತಿಂದ ಮಂಗನಂತಾಯಿತು. ಅವನೇ ಮುಂದೆ ಬಂದು ತಮ್ಮನ ಭುಜ ಮುಟ್ಟಿ, "ಬ್ರೇಕ್ ಸುಟ್ಟಿದ್ದು ನೀನಲ್ಲ ಕಣಯ್ಯ, ನಾನು," ಅಂದ.

ಏಳು ಟನ್ ಇಳಿಸಿ ಲಾರಿ ಮತ್ತೆ ಅಕ್ಕನ ಕಿಟಕಿಗೆ ಬಂತು. ನಿಜವಾದ ಮೂವತ್ನಾಲ್ಕು. "ತಿರುವು ದಾಟಿದ ಕೂಡ್ಲೇ ಹಾರ್ನ್ ಹೊಡೀತೀನಿ," ಅಂದ ತಮ್ಮ. ಅಕ್ಕ ಗೇಟು ಎತ್ತಿದಳು. ಲಾರಿ ಇಳಿಜಾರಿನಲ್ಲಿ ಮರೆಯಾದಾಗ ಎದ್ದು ಕಿವಿಗೊಟ್ಟಳು.

ತಿರುವಿನಾಚೆಯಿಂದ ಹಾರ್ನು ಮೂರು ಸಲ ಉದ್ದಕ್ಕೆ ಕೂಗಿತು. ಬ್ರೇಕ್ ಹಿಡಿದಿತ್ತು!

"ಭೇಷ್ ಕಣೋ!" ಎಂದು ಕೂಗಿ ಅಕ್ಕ ತನ್ನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. "ಹೂಂ, ಮುಂದಿನ ಲಾರಿ ಬರಲಿ. ಎಲ್ಲಾ ಚಕ್ರ ಮೇಲೆ ಬರಬೇಕು!"