ಜೀನ್ಸ್ ದಾರದ ಪುಸ್ತಕಗಳು

ಹಳದಿ ದಾರ, ಬೀರುವಿನ ಮೇಲಿನ ಸಾಲಿನಲ್ಲಿ ಎಲ್ಲ ಪುಸ್ತಕದ ಬೆನ್ನಿಗೂ ಅದೇ ಹಳದಿ ದಾರ, ಪ್ಯಾಂಟಿನ ಜೇಬಿಗೆ ಹಾಕುವುದು, ರಾಯದುರ್ಗದಲ್ಲಿ ಅರ್ಧ ಊರು ಜೀನ್ಸ್ ಹೊಲಿಯುತ್ತದೆ, ಕಾದಂಬರಿ ಹೊಲಿದವರು ಇವರೊಬ್ಬರೇ, ಟೈಲರ್ ಸಿದ್ದರಾಮೇಶ್, ನನ್ನ ಯಜಮಾನರು — ದಪ್ಪ ಪುಸ್ತಕ ತಂದರೆ ಬ್ಲೇಡಿನಿಂದ ನಡುವೆ ಸೀಳಿ ಎರಡು ಮಾಡಿ, ಒಂದೊಂದಕ್ಕೂ ಐದು ತೂತು ಕೊಟ್ಟು ಹೊಲಿಗೆ, ರೈಲಿನಲ್ಲಿ ಒಂದೇ ಪುಸ್ತಕಕ್ಕೆ ಗಂಡ ಹೆಂಡತಿ ಕಿತ್ತಾಡಬಾರದಲ್ಲ, ಮೊದಲರ್ಧವನ್ನು ಇವರು ಮನೆಯಲ್ಲೇ ಮುಗಿಸುತ್ತಿದ್ದರು, ರೈಲು ಹತ್ತಿದ ಮೇಲೆ ಅದು ನನಗೆ, ಕೊನೆಯರ್ಧ ಅವರಿಗೆ, ಮೂವತ್ತು ವರ್ಷ ಎಲ್ಲ ಕಥೆಯ ಕೊನೆಯೂ ನನಗಿಂತ ಮೊದಲು ಅವರಿಗೇ ತಿಳಿದದ್ದು, ಹೇಳ್ಬೇಡಿ ಕಣ್ರೀ ಅಂದರೆ ಹೇಳುತ್ತಿರಲಿಲ್ಲ, ಮುಖ ಮಾತ್ರ ಹೇಳಿಬಿಡುತ್ತಿತ್ತು. ಅತ್ತಿಗೀ, ಆಟೋ ನಾಲ್ಕಕ್ಕ ಬರ್ತದ, ಒಂದು ಪುಸ್ತಕ ಸಾಕ್ರಿ — ಪಡಸಾಲೆಯಿಂದ ನಾದಿನಿ ಉಷಾರಾಣಿ, ಅಣ್ಣನ ಜಾಗದಲ್ಲಿ ನನ್ನ ಜೊತೆ ಕಾಶಿಗೆ ಹೊರಟವಳು, ಒಳ್ಳೆಯವಳೇ, ಜಗಳವಾಡುವುದು ಕನ್ನಡದಲ್ಲಿ, ಓದಲು ಬರುವುದು ತೆಲುಗು ಮಾತ್ರ, ಇವಳ ಕೈಗೆ ಯಾವ ಅರ್ಧ ಕೊಡಲಿ, ಗುಂತಕಲ್ಲಿನಿಂದ ಎರಡು ದಿನ ಕಿಟಕಿ ನೋಡಿಕೊಂಡು ಒಬ್ಬಳೇ. ಇದು ಬೇಡ, ಅಳು ಜಾಸ್ತಿ, ಇದು ಪತ್ತೇದಾರಿ, ಕೊಂದವನು ಯಾರೆಂದು ನೆನಪಿದೆ, ಇವೆರಡು ಪುರಿಗೆ ಹೋದಾಗಿನವು — ಹೊಲಿದಿಟ್ಟು ಇವರೂ ಓದಿರದ ಎರಡು ಹೊಸ ಕಾದಂಬರಿ, ಅವಸರದಲ್ಲಿ ಎರಡರದೂ ಕೊನೆಯರ್ಧವನ್ನೇ ಚೀಲಕ್ಕೆ ಹಾಕಿಕೊಂಡಿದ್ದೆ, ಆಗಲೂ ಎರಡರ ಕೊನೆಯನ್ನೂ ಮೊದಲು ನೋಡಿದ್ದು ಇವರೇ, ಯಾರು ಯಾರ ಮಗ, ಯಾರು ಯಾಕೆ ಅಳುತ್ತಾರೆ ಒಂದೂ ತಿಳಿಯದೆ ಕೊನೆಗೆ ಮೊದಲರ್ಧವನ್ನು ನಾವೇ ಕಟ್ಟಿ ಒಬ್ಬರಿಗೊಬ್ಬರು ಹೇಳಿಕೊಂಡೆವು, ನಿನ್ನ ತವರು ಮಡಕಶಿರಾದವರಿಗೆ ಸುಳ್ಳು ಹೇಳಾಕ ಬರಂಗಿಲ್ಲ ಬಿಡು, ನಿನ್ನ ಕಥಿ ಒಂದು ಸ್ಟೇಷನ್ನಿಗೂ ನಿಲ್ಲಂಗಿಲ್ಲ, ಅಂತ ನಕ್ಕಿದ್ದರು.

ಸಾಲಿನ ತುದಿಯಲ್ಲಿರುವ ಪುಸ್ತಕವನ್ನು ನನ್ನ ಕೈ ದಾಟಿ ಹೋಗುತ್ತಿದೆ, ಗೊತ್ತು. ಕಾಶಿಗೆಂದೇ ತಂದದ್ದು ಅದು, ಟಿಕೆಟ್ಟೇ ಆಗಿಲ್ಲ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀತೀರ ಅಂದಿದ್ದೆ, ಮೊದಲರ್ಧ ಹೊಲಿದು ಓದಿಯೂ ಆಗಿತ್ತು, ಕೊನೆಯರ್ಧಕ್ಕೆ ಸೂಜಿ ಹಾಕಿದವರು ಎದೆ ಹಿಡಿದುಕೊಂಡರು — ಬಳ್ಳಾರಿ, ಆಸ್ಪತ್ರೆ, ಮೂರನೆಯ ದಿನ ನನ್ನನ್ನು ಕರೆದು ಕೇಳಿದರು, ಸುಮಾ, ಆ ಕಥಿಯೊಳಗಿನ ಹುಡುಗಿ ಸಿಟ್ಟು ಮಾಡ್ಕೊಂಡು ಮನಿ ಬಿಟ್ಟು ಹೋದ್ಲಲ್ಲ, ತಿರುಗಿ ಬಂದ್ಲೇನು, ಮನಿಗೆ ಹೋದಾಗ ಕೊನಿ ಪುಟ ನೋಡ್ಕೊಂಡು ಬಾ. ಮನೆಗೆ ಬಂದೆ, ಸ್ನಾನ ಮಾಡಿದೆ, ಬಟ್ಟೆ ತುಂಬಿಕೊಂಡೆ, ಪುಸ್ತಕ ಮುಟ್ಟಲಿಲ್ಲ, ಇವರಿಗಿಂತ ಮೊದಲು ನಾನು ಕೊನೆ ನೋಡಿದರೆ ಏನೋ ಆಗಿಬಿಡುತ್ತದೆ ಎಂದು ಭಯ, ಮತ್ತೆ ಬಳ್ಳಾರಿಗೆ ಹೊರಟ ಬಸ್ಸು ಓಬಳಾಪುರ ದಾಟುವಷ್ಟರಲ್ಲಿ ಸುಳ್ಳು ಸಿದ್ಧವಾಗಿತ್ತು, ಬಂದ್ಲು ಕಣ್ರೀ, ಮನೆಗೇ ಬಂದ್ಲು. ನನ್ನ ಮುಖವನ್ನೇ ನೋಡಿದರು, ಹೌದೇನು, ಚಲೋ ಆತು ಬಿಡು, ಅಂದು ಕಣ್ಣು ಮುಚ್ಚಿದರು, ನಂಬಿದರೋ, ನಾನು ನೊಂದುಕೊಳ್ಳಬಾರದೆಂದು ನಂಬಿದಂತೆ ಮಾಡಿದರೋ, ಮರುದಿನ ಕೇಳೋಣವೆಂದರೆ ಇವರೇ ಇರಲಿಲ್ಲ. ಈಗ ಕೈಯಲ್ಲಿದೆ, ಕೊನೆಯ ಪುಟ ತಿರುಗಿಸಿದರೆ ಸಾಕು, ಬರದೇ ಹೋಗಿದ್ದರೆ, ಬಂದೇ ಇದ್ದರೂ ಅದನ್ನು ಯಾರಿಗೆ ಹೇಳಲಿ, ಮೊದಲ ಸಲ ನನಗೇ ಮೊದಲು ತಿಳಿಯುವುದು, ಹೇಳಬೇಡ ಅನ್ನುವುದಕ್ಕೂ ಯಾರೂ ಇಲ್ಲ. ಅತ್ತಿಗೀ, ಆಟೋ ಬಂತ್ರಿ, ಬರ್ರಿ. ಬಂದೆ, ಹೊಲಿಗೆಯನ್ನಾದರೂ ಮುಗಿಸಿಬಿಡೋಣ, ಇನ್ನು ಎರಡೇ ತೂತು — ಆರು ತಿಂಗಳಿಗೆ ಸೂಜಿಗೆ ತುಕ್ಕು, ಎಳೆದರೆ ಬರುತ್ತಿಲ್ಲ, ಮೂರನೆಯ ತೂತಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ, ಅದರ ಹಿಂದೆ ಗೇಣುದ್ದ ದಾರ, ಇವರು ಕೈ ಬಿಟ್ಟಲ್ಲೇ, ಹಳದಿ ದಾರ