ಒಂದು ಗೇಣು ಕಡಿಮೆ

ನಾನು ಹದಿನಾರು ಮಿಲಿಮೀಟರ್ ಅಗಲದ ಒಂದು ಸಿನಿಮಾ ರೀಲು. ಅಗಲ ಕೇಳಿ ನಗಬೇಡಿ. ಟಾಕೀಸುಗಳಲ್ಲಿ ಓಡುವ ನಮ್ಮ ದೊಡ್ಡಪ್ಪನ ಮಕ್ಕಳು ನನ್ನ ಎರಡರಷ್ಟು ಅಗಲ, ಒಪ್ಪುತ್ತೇನೆ. ಆದರೆ ಅವರ ಮೈಮೇಲಿದ್ದ ಕಥೆಯೇ ನನ್ನ ಮೈಮೇಲೂ ಇತ್ತು. ಅದೇ ನಾಯಕ, ಅದೇ ಅಳು. ಚಿಕ್ಕದಾಗಿ ಇತ್ತು, ಅಷ್ಟೇ.

ಹುಟ್ಟಿದ್ದು ಮದ್ರಾಸಿನ ಒಂದು ಲ್ಯಾಬಿನ ಕತ್ತಲೆ ಕೋಣೆಯಲ್ಲಿ. ಔಷಧದ ನೀರಿನಲ್ಲಿ ಮೀಯಿಸಿ, ಒಣಗಿಸಿ, ಸುತ್ತಿ, ತಗಡಿನ ಡಬ್ಬಿಗೆ ಹಾಕಿದರು. ಒಂದೇ ಕಪ್ಪು ಬಿಳುಪು ಚಿತ್ರದ ನಾಲ್ಕು ರೀಲುಗಳಲ್ಲಿ ನಾನು ಮೂರನೆಯವನು. ಮೊದಲನೆಯವನಿಗೆ ನಟನಟಿಯರ ಹೆಸರುಗಳು ಸಿಕ್ಕವು, ಕೊನೆಯವನಿಗೆ ಮದುವೆ. ನನ್ನ ಪಾಲಿಗೆ ಬಂದದ್ದು ಒಂದು ಕೋರ್ಟು, ಒಂದು ಜ್ವರ, ಮತ್ತು ಹನ್ನೆರಡು ಹುಡುಗಿಯರು ಕೊಡ ಹೊತ್ತು ಕುಣಿಯುವ ಒಂದು ಹಾಡು. ಮೂರನೆಯ ರೀಲು ಬರುವಷ್ಟರಲ್ಲಿ ಅರ್ಧ ಜನಕ್ಕೆ ತೂಕಡಿಕೆ. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ನಮ್ಮನ್ನು ಕೊಂಡು ಬಾಡಿಗೆಗೆ ಬಿಡುತ್ತಿದ್ದ. ಗಣಪತಿ ಪೆಂಡಾಲು, ಶಾಲೆಯ ಅಂಗಳ, ಕಾರ್ಖಾನೆಯ ಕಾಲೊನಿ, ಎಲ್ಲಿ ಬಿಳಿ ಬಟ್ಟೆ ಕಟ್ಟಿದರೋ ಅಲ್ಲಿ ಓಡಿದೆ. ಬಟ್ಟೆಯ ಆಚೆ ಬದಿಗೂ ಜನ ಕೂರುತ್ತಿದ್ದರು. ಅವರಿಗೆ ನಾಯಕ ಎಡಗೈಯಲ್ಲಿ ತಾಳಿ ಹಿಡಿದಂತೆ ಕಾಣುತ್ತಿತ್ತು; ಯಾರೂ ತಕರಾರು ಮಾಡಲಿಲ್ಲ. ಆ ಕಾಲದಲ್ಲಿ ರೀಲಿನಿಂದ ಹಾಡನ್ನಷ್ಟೇ ಕತ್ತರಿಸಿ ಬೇರೆ ಮಾರುವ ಚಾಳಿ ಇತ್ತು. ನಾನು ಕಂಡ ರೀಲುಗಳೆಲ್ಲ ಕುಯ್ಯಿಸಿಕೊಂಡವು. ನನ್ನ ಮೈಗೆ ಮಾತ್ರ ಕತ್ತರಿ ತಾಗಿರಲಿಲ್ಲ. ನಾನು ಪೂರ್ತಿ ಇದ್ದೇನೆ ಎಂಬ ಜಂಬ ನನಗಿತ್ತು, ಮುಚ್ಚಿಡುವುದೇಕೆ?

ಮನೆಮನೆಗೆ ಟೀವಿ ಬಂತು. ನಮ್ಮನ್ನು ಗುಜರಿಗೆ ಹಾಕಿದರು. ಅಲ್ಲಿಂದ ಮುಂದಿನ ದಾರಿ ಬಳೆ ಮಾಡುವವರ ಮನೆ. ಅವರು ಮೈಮೇಲಿನ ಚಿತ್ರ ತೊಳೆದು, ಪಟ್ಟಿ ಕೊಯ್ದು, ಬಳೆಗೆ ಸುತ್ತುತ್ತಾರಂತೆ. ಅಷ್ಟರಲ್ಲಿ ಡಾಕ್ಟರ್ ಚಿದಂಬರ ಕಾಖಂಡಕಿಯವರು ಬಂದರು. ಹಲ್ಲಿನ ಡಾಕ್ಟರು. ಸಣ್ಣ ರೀಲುಗಳ ಹುಚ್ಚು. ನನ್ನ ಡಬ್ಬಿ ತೆರೆದು, ಮೂಸಿ, ಒಂದು ಮಾರು ಎಳೆದು ಸೂರ್ಯನಿಗೆ ಹಿಡಿದು ನೋಡಿ, "ಕೊಡ್ರಿ, ನಾಲ್ಕೂ ಕೊಡ್ರಿ" ಎಂದರು. ಚೌಕಾಸಿ ಕೂಡ ಮಾಡಲಿಲ್ಲ.

ಅವರ ಮನೆಯಲ್ಲಿ ಮುಂದಿನ ಖೋಲಿ ದವಾಖಾನೆ, ಒಳಗಿನ ಪಡಸಾಲೆಯಲ್ಲಿ ನಮ್ಮ ಕಪಾಟು, ನಡುವೆ ಒಂದು ಪರದೆ. ಹೀಗಾಗಿ ಹುಬ್ಬಳ್ಳಿಯ ಅರ್ಧ ಜನರ ಹಲ್ಲುನೋವು ನನಗೆ ಗೊತ್ತು. ರವಿವಾರ ಸಂಜೆ ಕಿಟಕಿಗೆ ಕಂಬಳಿ ಕಟ್ಟಿ ಸಿನಿಮಾ. ಡಾಕ್ಟರು ಹಲ್ಲು ಕೆರೆಯುವ ಸಲಾಕೆಯಿಂದಲೇ ಪ್ರೊಜೆಕ್ಟರಿನ ಸಂದಿಗೊಂದಿಯ ಧೂಳು ತೆಗೆಯುತ್ತಿದ್ದರು. ರೀಲು ಬದಲಾಯಿಸುವಾಗ ಅವರ ಹೆಂಡತಿ ಪದ್ಮಾಬಾಯಿ ಎಲ್ಲರಿಗೂ ಎಣ್ಣೆ ಒಗ್ಗರಣೆಯ ಮಂಡಕ್ಕಿ ಗಿರ್ಮಿಟ್ಟು ಹಂಚುತ್ತಿದ್ದರು. ಗಿರ್ಮಿಟ್ಟು ತಿಂದ ಕೈಯಲ್ಲಿ ನಮ್ಮನ್ನು ಮುಟ್ಟುವಂತಿಲ್ಲ. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು: ಓಡುವ ರೀಲನ್ನು ನಡುವೆ ನಿಲ್ಲಿಸುವಂತಿಲ್ಲ. ಗೋಡೆಯ ಮೇಲೆ ಚಿತ್ರ ಚೊಕ್ಕಾಗಿ ಕಾಣಲೆಂದು ಡಾಕ್ಟರು ಪ್ರೊಜೆಕ್ಟರಿಗೆ ಜೋರು ಬಲ್ಬು ಹಾಕಿದ್ದರು. ಓಡುತ್ತಿದ್ದರೆ ಆ ಬಿಸಿ ನಮಗೆ ತಟ್ಟುವುದಿಲ್ಲ. ನಿಂತೆವೋ, ಸುಟ್ಟೆವು.

ಒಂದು ದಿನ ಪರದೆಯಾಚೆ ಒಂದು ಮುದುಕಿಯ ದನಿ ಕೇಳಿತು. ತುಂಗವ್ವ, ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದಿದ್ದಳು. ಜೊತೆಗೆ ಮಗ ಫಕೀರಪ್ಪ, ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿ.

"ಅಜ್ಜಿ, ಒಮ್ಮೆ ನಗ್ರಿ ನೋಡೋಣ. ಸೆಟ್ಟು ಸರಿ ಕೂತದೋ ಇಲ್ಲೋ."

"ಈಗೇನ್ ನಗ್ಲೆಪಾ? ನಗೂದೆಲ್ಲಾ ಹರೇದಾಗ ಸಿನಿಮಾದಾಗ ನಕ್ಕು ಮುಗಿಸೇನಿ."

"ಬ್ಯಾಡ ಬೇ, ಮತ್ತ ಆ ಸುದ್ದಿ ತೆಗೀಬ್ಯಾಡ" ಎಂದ ಮಗ.

ಸಿನಿಮಾ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಡಾಕ್ಟರು ಬಿಡುತ್ತಾರೆಯೇ? ಕೆದಕಿ ಕೆದಕಿ ಕೇಳಿದರು. ಅವಳು ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದಳು. ಮದ್ರಾಸಿನವರು ಬಂದು ಕಂಪನಿಯ ಹುಡುಗಿಯರನ್ನು ಒಂದು ಹಾಡಿಗೆ ಕರೆದೊಯ್ದರು. ಚಿತ್ರ ತೆರೆಗೆ ಬಂದಾಗ ಕಂಪನಿ ಮತ್ತೆಲ್ಲೋ ಬಿಡಾರ ಹಾಕಿತ್ತು. ಅವಳು ಅದನ್ನು ನೋಡಲೇ ಇಲ್ಲ. ಓಣಿಯವರು ಅವಳಿಗೆ ‘ಸಿನಿಮಾ ತುಂಗವ್ವ’ ಎಂದು ಹೆಸರಿಟ್ಟು ನಗುತ್ತಿದ್ದರು. ನಂಬಿದವರು ಯಾರೂ ಇಲ್ಲ. ಮಗನೂ ನಂಬಿರಲಿಲ್ಲ, ಅದೇ ಅವಳ ಸಂಕಟ. ಸಾಯುವುದರೊಳಗೆ ಅವನೊಬ್ಬನಾದರೂ ನಂಬಬೇಕು ಎಂದಳು.

ಚಿತ್ರದ ಹೆಸರು ಹೇಳಿದಾಗ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಅದು ನಮ್ಮದೇ ಚಿತ್ರ. ಹಾಡು ಇದ್ದದ್ದು ನನ್ನಲ್ಲಿ.

ರವಿವಾರ ತುಂಗವ್ವ ಇಳಕಲ್ ಸೀರೆ ಉಟ್ಟು, ಹೊಸ ಹಲ್ಲು ಹಾಕಿಕೊಂಡು ಬಂದಳು. ಮಗನನ್ನೂ ಎಳೆದುಕೊಂಡು ಬಂದಿದ್ದಳು. ಫಕೀರಪ್ಪ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅವನ ಮೇಲಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿದ್ದವು. ಆ ನಾಚಿಕೆ ಅವನಿಗೆ.

ನನ್ನ ಸರದಿ ಬಂತು. ಜೀವಮಾನದಲ್ಲಿ ಮೊದಲ ಸಲ ಜನ ಮೂರನೆಯ ರೀಲಿಗಾಗಿ ಕಾದು ಕುಳಿತಿದ್ದರು. ಕೋರ್ಟು ಮುಗಿಯಿತು, ಜ್ವರ ಮುಗಿಯಿತು, ಹಾಡು ಶುರುವಾಯಿತು.

"ಎಡಕ್ಕ ಮೂರನೇದಾಕಿ ನಾನ. ಕೊಡ ಜಾರತೈತಿ, ಹಿಂಗ ತಿರುಗಿ ನಗ್ತೇನಿ" ಎಂದು ಅವಳು ಮಗನ ಕಡೆ ತಿರುಗಿ ಹೇಳುತ್ತಿದ್ದಳು. ಹೇಳುತ್ತಿರುವಾಗಲೇ ಆ ನಗು ಗೋಡೆಯ ಮೇಲೆ ಬಂದು ಹೋಯಿತು. ಅವಳೂ ನೋಡಲಿಲ್ಲ, ಅವನೂ ನೋಡಲಿಲ್ಲ.

ಡಾಕ್ಟರು ನನ್ನನ್ನು ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದರು. ಈ ಸಲ ಎಲ್ಲರೂ ಕಣ್ಣು ಕೀಲಿಸಿ ಕುಳಿತರು. ಕೊಡ ಜಾರಿತು, ಹುಡುಗಿ ತಿರುಗಿದಳು, ಮುಗಿಯಿತು. ಕಣ್ಣು ಪಿಳುಕಿಸುವಷ್ಟರ ಕೆಲಸ.

"ಹನ್ನೆರಡು ಮಂದಿ, ಒಂದ ನಮೂನಿ ಸೀರಿ, ಒಂದ ನಮೂನಿ ಕೊಡ. ಯಾರರ ಆಗಿರಬಹುದು. ನಡಿ ಬೇ, ಸಾಕು" ಎಂದು ಫಕೀರಪ್ಪ ಎದ್ದು ನಿಂತ. ತುಂಗವ್ವ ಏಳಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಡಾಕ್ಟರ ಮುಖ ನೋಡಿದಳು.

"ಕೂಡ್ರಪಾ, ಇನ್ನೊಮ್ಮೆ" ಎಂದರು ಡಾಕ್ಟರು. ಮೂರನೆಯ ಸಲ ಆ ಹುಡುಗಿ ತಿರುಗಿದಾಗ, ತಮ್ಮ ಕಟ್ಟಳೆ ತಾವೇ ಮುರಿದು, ನನ್ನನ್ನು ನಿಲ್ಲಿಸಿಬಿಟ್ಟರು.

ಗೋಡೆ ತುಂಬ ಒಂದು ನಗು ನಿಂತಿತು. ಬಾಯಿ ತುಂಬ ಹಲ್ಲು. ಮೇಲಿನ ಎರಡು ಹಲ್ಲು ಒಂದರ ಮೇಲೊಂದು. ಫಕೀರಪ್ಪನ ಕೈ ತಾನಾಗಿ ತನ್ನ ಬಾಯಿಗೆ ಹೋಯಿತು. ಈ ಸಲ ಮುಚ್ಚಲು ಅಲ್ಲ. ಬೆರಳಿನಿಂದ ತನ್ನ ಹಲ್ಲು ಮುಟ್ಟಿ ನೋಡಿಕೊಂಡ.

"ಯವ್ವಾ" ಎಂದ.

ಅಷ್ಟರಲ್ಲಿ ನನಗೆ ಉರಿ ಹತ್ತಿತು. ಆ ಕೆನ್ನೆಯ ಮೇಲೆ ಕಂದು ಬಣ್ಣದ ಗುಳ್ಳೆ ಎದ್ದು, ಉಬ್ಬಿ, ಒಡೆದು, ಮುಖವೇ ಹೋಗಿ ಬರೀ ಬೆಳಕು ಉಳಿಯಿತು. ಪದ್ಮಾಬಾಯಿ ಚೀರಿದರು. ಡಾಕ್ಟರು ದೀಪ ಆರಿಸಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ತುಂಗವ್ವ ಮಾತ್ರ ಕತ್ತಲಲ್ಲೇ ಕೇಳಿದಳು, "ಕಂಡ್ಯೋ ಇಲ್ಲೋ, ಫಕೀರಾ?"

"ಕಂಡ್ನಿ ಯವ್ವಾ. ನೀನ ಅದಿ."

ಸುಟ್ಟದ್ದು ನನ್ನ ಸಾವಿರಾರು ಪುಟ್ಟ ಚಿತ್ರಗಳಲ್ಲಿ ಒಂದೇ ಒಂದು. ಆದರೆ ಬಿಸಿಗೆ ಅಕ್ಕಪಕ್ಕದವೂ ಸೊಟ್ಟಗಾಗಿದ್ದವು; ಹಾಗೇ ಬಿಟ್ಟರೆ ಪ್ರೊಜೆಕ್ಟರಿನಲ್ಲಿ ಸಿಕ್ಕಿ ಹರಿಯುತ್ತಿದ್ದವು. ಡಾಕ್ಟರು ನನ್ನಿಂದ ಒಂದು ಗೇಣು ಕತ್ತರಿಸಿ ತೆಗೆದು, ಎರಡು ತುದಿ ಕೂಡಿಸಿ ಅಂಟಿಸಿದರು. ಅಂದಿನಿಂದ ಹಾಡಿನಲ್ಲಿ ಕೊಡ ಜಾರುತ್ತದೆ, ತಟಕ್ಕನೆ ಮುಂದಿನ ಸಾಲು ಬರುತ್ತದೆ. ನಗುವೇ ಇಲ್ಲ.

"ಆ ತುಂಡು ನನಗ ಕೊಡ್ರಿ" ಎಂದಳು ತುಂಗವ್ವ. ಡಾಕ್ಟರು ತಡವರಿಸಿದರು. ರೀಲು ಕೂಡಿಡುವವರಿಗೆ ಒಂದು ಉಗುರಿನಷ್ಟು ಕೊಡುವುದೂ ಪ್ರಾಣ ಕೊಟ್ಟಂತೆ. ಆದರೂ ಕೊಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೇನು ಸೀರೆಯೇ, ಹರಿದು ಹಂಚಲಿಕ್ಕೆ?

ಪಶ್ಚಾತ್ತಾಪಕ್ಕೋ ಏನೋ, ಆಮೇಲೆ ಡಾಕ್ಟರು ನನ್ನನ್ನು ಅತಿಯಾಗಿ ಜೋಪಾನ ಮಾಡತೊಡಗಿದರು. ಡಬ್ಬಿಯ ಸುತ್ತ ಅಂಟುಪಟ್ಟಿ ಬಿಗಿದು, ಗಾಳಿ ಧೂಳು ಹೋಗದಂತೆ ಮಾಡಿ, ಕಪಾಟಿನ ತೀರ ಒಳಗೆ ಇಟ್ಟರು. ವರ್ಷಗಟ್ಟಲೆ ತೆರೆಯಲಿಲ್ಲ. ಮನುಷ್ಯರ ಹಾಗೆ ನಮಗೂ ಉಸಿರು ಬೇಕು ಎಂದು ಅವರಿಗೆ ಯಾರು ಹೇಳಬೇಕು? ಒಳಗೇ ಕುಳಿತು ನಾನು ಹುಳಿಯಾದೆ. ಒಂದು ಬೇಸಿಗೆಯಲ್ಲಿ ಪದ್ಮಾಬಾಯಿ ಮೂಗು ಮುಚ್ಚಿಕೊಂಡು, "ನಿಮ್ಮ ಸಿನಿಮಾ ಕೆಟ್ಟ ಉಪ್ಪಿನಕಾಯಿ ಹಂಗ ನಾರ್ಲಿಕ್ಹತ್ತೇದ ನೋಡ್ರಿ" ಎಂದರು. ಈ ರೋಗ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಅಣ್ಣತಮ್ಮಂದಿರಿಂದ ಬೇರೆ ಮಾಡಿ ನನ್ನನ್ನು ಅಟ್ಟದ ಮೇಲೆ ಇಟ್ಟರು.

ಹೋದ ವರ್ಷ ಫಕೀರಪ್ಪ ಬಂದ. ಕೂದಲು ನೆರೆತಿತ್ತು. ಈಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ತುಂಗವ್ವ ತೀರಿಕೊಂಡಿದ್ದಳು. ಅವನ ಕೈಯಲ್ಲಿ ಎರಡು ಗಾಜಿನ ಪಟ್ಟಿಗಳಿದ್ದವು, ನಡುವೆ ನನ್ನ ಆ ಗೇಣುದ್ದದ ತುಂಡು.

"ಅಡಗಿಮನಿ ಕಿಟಕ್ಯಾಗ ದಾರಾ ಕಟ್ಟಿ ತೂಗಬಿಟ್ಟಿದ್ಲರೀ. ಬಂದವರಿಗೆಲ್ಲಾ ತೋರ್ಸಾಕಿ. ಓಣ್ಯಾಗ ಈಗ ಯಾರೂ ನಗೂದಿಲ್ಲ. ನಾ ಹ್ವಾದ ಮ್ಯಾಲ ಇದನ್ನ ಡಾಕ್ಟರಿಗೆ ತಿರುಗಿ ಮುಟ್ಟಸು, ಅವರ ರೀಲು ಪೂರ್ತಿ ಆಗಲಿ ಅಂತ ಹೇಳಿದ್ಲು."

ಡಾಕ್ಟರು ನನ್ನನ್ನು ಅಟ್ಟದಿಂದ ಇಳಿಸಿ ಮುಚ್ಚಳ ತೆರೆದರು. ಘಾಟು ಹೊಡೆಯಿತು. ನಾನು ಕುಗ್ಗಿ, ಸುರುಟಿ, ಬೆಲ್ಲದಂತೆ ಒಂದಕ್ಕೊಂದು ಅಂಟಿದ್ದೆ. ಇನ್ನು ಯಾವ ಪ್ರೊಜೆಕ್ಟರೂ ನನ್ನನ್ನು ಎಳೆಯಲಾರದು. ಅವರು ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಡುವಿನ ಒಂದು ಸುಟ್ಟ ತೂತು ಬಿಟ್ಟರೆ ಎಲ್ಲ ಹಾಗೇ ಇತ್ತು. ವಾಸನೆಯಿಲ್ಲ. ಸೊಟ್ಟಗಾದದ್ದು ಕೂಡ ಗಾಜಿನ ನಡುವೆ ನೆಟ್ಟಗಾಗಿತ್ತು. ತುಂಗವ್ವ ತಿರುಗುತ್ತಾಳೆ, ನಗುತ್ತಾಳೆ, ಮತ್ತೂ ನಗುತ್ತಾಳೆ.

"ಮುಚ್ಚಿಟ್ಟು ಜೋಪಾನ ಮಾಡಿದ್ದು ಕೆಟ್ಟು ಹೋತು" ಎಂದರು ಡಾಕ್ಟರು. ತುಂಡನ್ನು ಫಕೀರಪ್ಪನ ಕೈಗೇ ಇಟ್ಟರು. "ಕೂಡ್ಸಲಿಕ್ಕೆ ರೀಲೇ ಉಳಿದಿಲ್ಲಪಾ. ಎಲ್ಲಿ ತೂಗತಿತ್ತೋ ಅಲ್ಲೇ ತೂಗಬಿಡು. ಡಬ್ಬ್ಯಾಗ ಮಾತ್ರ ಇಡಬ್ಯಾಡ."

ಅಂದಿನಿಂದ ನನ್ನ ಡಬ್ಬಿಗೆ ಮುಚ್ಚಳ ಹಾಕಿಲ್ಲ. ತಡವಾಯಿತು, ಆದರೂ ಗಾಳಿ ಹಿತವಾಗಿದೆ. ಕೋರ್ಟು ಹೋಯಿತು, ಜ್ವರ ಹೋಯಿತು, ನಾಯಕನ ಮುಖವೂ ಸುಕ್ಕಾಯಿತು. ಕಳೆದುಕೊಂಡೆನೆಂದು ನಾನು ಇಷ್ಟು ದಿನ ಅತ್ತ ಆ ಒಂದು ಗೇಣು ಮಾತ್ರ ಹಳೇ ಹುಬ್ಬಳ್ಳಿಯ ಒಂದು ಅಡುಗೆಮನೆಯ ಕಿಟಕಿಯಲ್ಲಿ ದಿನಾ ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ನಗುತ್ತದಂತೆ.