ಇಗ್ನಾತಿಸನ ಸಕ್ಕರೆ, ನನ್ನ ಫೋನು

ನನ್ನ ತಮ್ಮ ಇಗ್ನಾತಿಸನ ತೋಳಿಗೆ ನಾಣ್ಯದಷ್ಟು ದೊಡ್ಡ ಬಿಲ್ಲೆಯೊಂದನ್ನು ಅಂಟಿಸಿದ್ದಾರೆ. ಅದು ಅವನ ಮೈಯ ಸಕ್ಕರೆಯನ್ನು ಅಳೆದು ಅವನ ಫೋನಿಗೆ ಹೇಳುತ್ತದೆ. ಅವನ ಫೋನು ನನ್ನದಕ್ಕೆ ಹೇಳುತ್ತದೆ. ಸಕ್ಕರೆ ಎಪ್ಪತ್ತಕ್ಕಿಂತ ಇಳಿದರೆ ನನ್ನ ಫೋನು ಕಿರುಚಬೇಕು. ಅವನದು ನಡುಗುತ್ತದೆ, ಅಷ್ಟೆ; ಸದ್ದು ಮಾಡುವ ಯಂತ್ರ ಜೇಬಿನಲ್ಲಿ ಬೇಡವೆಂದು ಅವನ ಹಟ. ಸಕ್ಕರೆ ಇಳಿದಾಗ ಅವನಿಗೆ ಆ ನಡುಕವೂ ತಿಳಿಯುವುದಿಲ್ಲ, ತಾನು ಎಲ್ಲಿದ್ದೇನೆಂಬುದೂ ತಿಳಿಯುವುದಿಲ್ಲ.

ಮಂಗಳವಾರ ಮಧ್ಯಾಹ್ನ ಅವನು ಕೋಳಿಗೂಡಿನ ಮುಂದೆ ಬೆವರಿನಲ್ಲಿ ತೊಯ್ದು ಕುಳಿತಿದ್ದ. ನನ್ನ ಫೋನು ಜೇಬಿನಲ್ಲಿ ತಣ್ಣಗಿತ್ತು. ಅವನಿಗೆ ಜೇನು ತಿನ್ನಿಸಿ, ಸುಧಾರಿಸಿಕೊಂಡದ್ದನ್ನು ನೋಡಿ, ಸಂಜೆ ಫೋನು ಮಾರುವ ಪ್ರೊಕೋಪಿಸನ ಅಂಗಡಿಗೆ ಹೋದೆ.

“ಮಿರ್ಸಿನಮ್ಮ, ಇದರಲ್ಲಿ ಒಂದು ಆ್ಯಪೂ ತೆರೆದಿಲ್ವಲ್ಲ. ಸಕ್ಕರೆ ಆ್ಯಪನ್ನೂ ಸೇರಿಸಿ ಎಲ್ಲ ಒರೆಸಿ ಹಾಕಿದೀರಾ?”

“ಹೌದು. ದಿನಾ ಊಟ ಆದ್ಮೇಲೆ ಒರೆಸ್ತೀನಿ. ಬ್ಯಾಟರಿ ಉಳಿಯುತ್ತೆ ಅಂತ ನಮ್ಮ ಯಜಮಾನ್ರು ಹೇಳ್ಕೊಟ್ಟಿದ್ದು.”

ನನ್ನ ಗಂಡ ಸ್ತ್ರಾತಿಸ್ ತೀರಿಕೊಂಡು ಮೂವತ್ತಾರು ದಿನವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಗ್ಯಾಸ್ ಆರಿಸಿ, ನಲ್ಲಿ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ನಮ್ಮಿಬ್ಬರ ಫೋನನ್ನೂ ಒರೆಸಿ, ಶಿಲುಬೆಯ ಗುರುತು ಹಾಕಿಕೊಂಡು ಮಲಗುತ್ತಿದ್ದರು. ಈಗ ಅದೆಲ್ಲವನ್ನೂ ಅದೇ ಕ್ರಮದಲ್ಲಿ ನಾನು ಮಾಡುತ್ತಿದ್ದೆ.

“ಅದು ತಪ್ಪು,” ಎಂದ ಪ್ರೊಕೋಪಿಸ್. “ಒರೆಸಿ ಹಾಕಿದ್ದು ಕಿರುಚೋದು ಹೇಗೆ? ಬ್ಯಾಟರಿನೂ ಉಳಿಯಲ್ಲ; ಒರೆಸಿದ್ರೆ ಪ್ರತಿಸಲ ಮೊದಲಿಂದ ಎಬ್ಬಿಸಬೇಕು. ಬ್ರೆಡ್ಡಿನ ಒಲೆ ಪೂರ್ತಿ ಆರಿಸಿ ಮತ್ತೆ ಹಚ್ಚಿದ್ರೆ ಸೌದೆ ಜಾಸ್ತಿ ತಾನೇ? ಬಿಟ್ಟರೆ ಅವು ತಮ್ಮ ಪಾಡಿಗೆ ನಿದ್ದೆ ಮಾಡ್ತಿರ್ತವೆ. ಜಾಗ ಬೇಕಾದಾಗ ಫೋನೇ ಒಂದೆರಡನ್ನ ಎತ್ತಿ ಆಚೆ ಹಾಕುತ್ತೆ. ಯಜಮಾನ್ರಿಗೆ ಇದನ್ನ ಯಾರು ಹೇಳಿದ್ರೋ!”

“ಸತ್ತವರ ವಿಷಯದಲ್ಲಿ ನಾಲಿಗೆ ಬಿಗಿ ಹಿಡಿ.”

“ಹಿಡೀತೀನಿ. ನೀವು ಬೆರಳು ಬಿಗಿ ಹಿಡೀರಿ.”

ಹಿಡಿದೆ. ಮಧ್ಯಾಹ್ನ ಕೈ ತಾನಾಗಿ ಹೋಗುತ್ತಿತ್ತು. ಹಿಂದಕ್ಕೆಳೆದುಕೊಂಡು, ಸ್ತ್ರಾತಿಸ್, ಕ್ಷಮಿಸಿ ಎನ್ನುತ್ತಿದ್ದೆ. ಗುರುವಾರ ಅಡುಗೆಮನೆಗೆ ಬಂದರೆ ಇಗ್ನಾತಿಸ್ ಆಲಿವ್ ಕಾಯಿಗಳನ್ನು ಒಂದೊಂದಾಗಿ ಸಾಬೂನಿನ ಡಬ್ಬಿಗೆ ತುಂಬುತ್ತಿದ್ದ. ಕಣ್ಣು ನೆಟ್ಟಗಿರಲಿಲ್ಲ. ಫೋನು ಈ ಸಲವೂ ಮೌನ. ಮತ್ತೆ ಜೇನು ತಿನ್ನಿಸಿ, ಅವನು ಸುಧಾರಿಸಿಕೊಂಡ ಮೇಲೆ ಪ್ರೊಕೋಪಿಸನ ಬಳಿ ಓಡಿದೆ.

“ಒರೆಸಿಲ್ಲ ಕಣೋ!” ಎಂದು ಅಂಗಡಿಯ ಬಾಗಿಲಿನಿಂದಲೇ ಕೂಗಿದೆ. “ಮುಟ್ಟೇ ಇಲ್ಲ!”

“ಮುಟ್ಟೇ ಇಲ್ವಾ? ಅದೇ ಈಗ ತೊಂದರೆ. ಎರಡು ದಿನ ನೀವು ಸಕ್ಕರೆ ಆ್ಯಪ್ ತೆರೆದು ನೋಡಿಲ್ಲ. ಈಯಮ್ಮನಿಗೆ ಇದು ಬೇಡ ಅಂದ್ಕೊಂಡು ಫೋನು ತಾನೇ ಅದನ್ನ ಮಲಗಿಸಿದೆ. ಬ್ಯಾಟರಿ ಉಳಿಸೋಕೆ.”

“ಮುಟ್ಟಿದ್ರೂ ತಪ್ಪು, ಮುಟ್ಟದಿದ್ರೂ ತಪ್ಪು! ತಮ್ಮ ಹೋದ್ಮೇಲೆ ಬ್ಯಾಟರಿ ಎಂಬತ್ತು ಪರ್ಸೆಂಟ್ ಇದ್ರೆ ಅದನ್ನ ಯಾರ ತಲೆಗೆ ಕಟ್ಟಲಿ? ಇದನ್ನ ಮೊನ್ನೆ ಹೇಳೋಕೆ ನಿನಗೇನಾಗಿತ್ತು?”

ಪ್ರೊಕೋಪಿಸ್ ತಲೆ ಕೆರೆದುಕೊಂಡ. “ಮೊನ್ನೆ ಹೊಳೀಲಿಲ್ಲ, ತಪ್ಪಾಯ್ತು.” ಫೋನಿನಲ್ಲಿ ಏಳೆಂಟು ಪುಟ ಒಳಹೊಕ್ಕು, ಇದೊಂದನ್ನು ಮಾತ್ರ ಎಂದೂ ಮಲಗಿಸಬಾರದು, ಸದ್ದು ಅಡಗಿಸಿದ್ದರೂ ಇದು ಕಿರುಚಬೇಕು ಎಂದು ಗುರುತು ಹಾಕಿದ. “ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತೆ. ಇನ್ಮೇಲೆ ಇದರ ಬಾಯಿ ಮುಚ್ಚಿಸೋಕಾಗಲ್ಲ.”

“ಅಂಥವರ ಜೊತೆ ಐವತ್ತು ವರ್ಷ ಬಾಳಿದೀನಿ, ಬಿಡು.”

ಶನಿವಾರ ಸ್ತ್ರಾತಿಸರ ನಲವತ್ತನೆಯ ದಿನ, ಚರ್ಚಿನಲ್ಲಿ ಅವರಿಗಾಗಿ ಪೂಜೆ. ಇಗ್ನಾತಿಸ್ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ಹೊರಟ. ಉಪವಾಸವಿದ್ದು ಪರಮಪ್ರಸಾದ ತೆಗೆದುಕೊಳ್ಳಬೇಕಂತೆ.

“ನಿನ್ನ ಭಾವನಿಗೆ ನಿನ್ನ ಹಸಿವು ಬೇಕಾಗಿಲ್ಲ. ಒಂದು ಚೂರು ಬ್ರೆಡ್ಡು ತಿನ್ನು.”

“ಅವರಿಗೋಸ್ಕರ ಇಷ್ಟಾದ್ರೂ ಮಾಡ್ತೀನಿ, ಬಿಡಕ್ಕ.”

ಹಟದಲ್ಲಿ ನಮ್ಮ ಮನೆತನದ ಗಂಡಸರನ್ನು ಮೀರಿಸುವ ಕತ್ತೆಯನ್ನು ನಾನು ನೋಡಿಲ್ಲ.

ಬೇಯಿಸಿದ ಗೋಧಿಯ ಮೇಲೆ ಸಕ್ಕರೆಪುಡಿ ಹಾಸಿ, ಬಾದಾಮಿ ಜೋಡಿಸಿ ಶಿಲುಬೆ ಮಾಡಿದ್ದ ಸತ್ತವರ ತಟ್ಟೆಯನ್ನು ಮೇಣದ ಬತ್ತಿಯ ಬಳಿ ಇಟ್ಟೆ. ಪೂಜೆಯ ಕೊನೆಯಲ್ಲಿ ಪಾದ್ರಿ ತ್ರಿಫೋನರು ಅದನ್ನು ಹರಸಬೇಕು. ಹರಸುವ ಮುನ್ನ ಅದನ್ನು ಯಾರೂ ಮುಟ್ಟುವುದಿಲ್ಲ. ನಾನು ಹೆಂಗಸರ ಸಾಲಿನಲ್ಲಿ, ಇಗ್ನಾತಿಸ್ ಆಚೆ ಗಂಡಸರಲ್ಲಿ.

ಎಲ್ಲರೂ ವಿಶ್ವಾಸದ ಮಂತ್ರ ಹೇಳುತ್ತಿದ್ದಾಗ ಫೋನು ಕಿರುಚಿತು. ಮಂತ್ರ ನಿಂತಿತು. ಐವತ್ತೆರಡು ಎಂದು ಕೆಂಪಕ್ಷರ. ಆಚೆ ನೋಡಿದೆ: ಇಗ್ನಾತಿಸ್ ಕಂಬಕ್ಕೆ ಒರಗಿ ಗೋಡೆಯ ಸಂತರನ್ನು ನೋಡಿ ನಗುತ್ತಿದ್ದ.

ನನ್ನ ಕೈಚೀಲದಲ್ಲಿ ಕರವಸ್ತ್ರ ಬಿಟ್ಟು ಏನೂ ಇರಲಿಲ್ಲ. ತಟ್ಟೆಗೆ ಕೈ ಹಾಕಿದೆ. ಒಂದು ಹಿಡಿ ಸಕ್ಕರೆ ಬಾಚಿಕೊಂಡು ಗಂಡಸರ ನಡುವೆ ನುಗ್ಗಿದೆ.

“ಬಾಯಿ ತೆಗಿ.”

“ಪ್ರಸಾದ ಆಗ್ಲಿ, ಅಕ್ಕ... ಪಾಪ ಬರುತ್ತೆ...”

“ಬಂದ್ರೆ ನನಗೆ ಬರಲಿ. ತೆಗಿ ಬಾಯಿ, ಮುಠ್ಠಾಳ!”

ತೆಗೆದ. ಸಕ್ಕರೆ ಗಡ್ಡದ ಮೇಲೆಲ್ಲ ಸುರಿಯಿತು. ಫೋನು ಕಿರುಚುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಆ ಪ್ರೊಕೋಪಿಸ್ ಹೇಳಿಯೇ ಇರಲಿಲ್ಲ. ತಮ್ಮನ ಕಣ್ಣು ನೆಟ್ಟಗಾಗುವವರೆಗೂ ಪಾದ್ರಿಗಳು ಕಾದರು, ಆಮೇಲೆ ಮುಂದುವರಿಸಿದರು.

ಕೊನೆಯಲ್ಲಿ ಅವರು ಸ್ತ್ರಾತಿಸರ ಹೆಸರು ಹೇಳಿ ತಟ್ಟೆಯನ್ನು ಹರಸಿದಾಗ ಶಿಲುಬೆಯ ಒಂದು ತೋಳು ಇರಲಿಲ್ಲ. ನಾನು ಅದನ್ನು ಸರಿಮಾಡಲು ಹೋಗಲಿಲ್ಲ.